ಗ್ಲೀ ಮೊದಲ ಕಂತು: ಹಾಡು ಬಂದ ಕೂಡಲೇ ದನಿ ಬದಲಾಗುವುದೇಕೆ?

ಮಡಿಕೇರಿ_ವೀಕ್ಷಕ: ಅಮೆರಿಕದ ಟಿವಿ ಸರಣಿ ಗ್ಲೀ ಈಗಷ್ಟೇ ಶುರುಮಾಡಿದ್ದು. ಓಹಾಯೋದ ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ಮೇಷ್ಟ್ರು ಗಾಯನ ತಂಡ ಕಟ್ಟುವ ಕಥೆ ಬಹಳ ಹಿಡಿಸಿತು. ಚಿಯರ್‌ಲೀಡರ್ ತಂಡದ ಕೋಚ್ ಸೂ ಆಗಿ ಜೇನ್ ಲಿಂಚ್ ಅಂತೂ ಅದ್ಭುತ! ಆದರೆ ಹಾಡಿನಲ್ಲಿ ದನಿ ಬೇರೆಲ್ಲಿಂದಲೋ ಬಂದ ಹಾಗಿದೆ, ತುಟಿಯೂ ಹೊಂದುತ್ತಿಲ್ಲ. ದೋಷ ಸರಣಿಯದ್ದೋ, ಟಿವಿಯದ್ದೋ?

ಗೋಣಿಕೊಪ್ಪ_ಸೌಂಡ್: ದನಿಯ ವ್ಯತ್ಯಾಸ ಸರಣಿಯದ್ದೇ ಅಣ್ಣಾ. ಹಾಡುಗಳನ್ನು ಸ್ಟುಡಿಯೋದಲ್ಲಿ ಮೊದಲೇ ರೆಕಾರ್ಡ್ ಮಾಡಿ, ಸೆಟ್‌ನಲ್ಲಿ ಪ್ಲೇಬ್ಯಾಕ್ ಹಾಕಿ ನಟಿಸಿದ್ದಾರೆ. ಸ್ಟುಡಿಯೋ ಮೈಕು ಬಾಯಿಗೆ ಹತ್ತಿರ. ತರಗತಿಯ ಗೋಡೆಯ ಪ್ರತಿಧ್ವನಿ ಅದರಲ್ಲಿ ಇರುವುದಿಲ್ಲ. ಮಾತು ಮಾತ್ರ ಸೆಟ್‌ನದ್ದು. ಜೊತೆಗೆ ಶ್ರುತಿಯನ್ನು ಕಂಪ್ಯೂಟರಿನಲ್ಲಿ ತೀರಾ ತಿದ್ದಿದ್ದಾರೆ. ಹೊಸದಾಗಿ ಹಾಡುವ ಮಕ್ಕಳ ದನಿ ಅಷ್ಟು ನಯವಾಗಿರಬಾರದಿತ್ತು.

ವಿರಾಜಪೇಟೆ_೭೧: ತುಟಿಯ ವಿಷಯ ಬೇರೆ. ಮಾತಿನ ದೃಶ್ಯದಲ್ಲಿ ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚುವುದನ್ನು ನೋಡಿ. ಅಲ್ಲೂ ಸದ್ದು ಹಿಂದೆ ಬಿದ್ದರೆ ದೋಷ ನಿಮ್ಮ ಮನೆಯದ್ದು. ಬ್ಲೂಟೂತ್ ಸ್ಪೀಕರ್ ಇದ್ದರೆ ಅದೇ ಕಾರಣ ಇರಬಹುದು; ವೈರ್ ಹಾಕಿ ನೋಡಿ. ವೈರಿನಲ್ಲೂ ತಪ್ಪಿದರೆ ಟಿವಿಯ ಆಡಿಯೋ ಡಿಲೇ ಸೆಟ್ಟಿಂಗ್ ಬದಲಿಸಿ. ಸೆಕೆಂಡಿಗೆ 24 ಫ್ರೇಮ್ ಎಂದರೆ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್, ಆದ್ದರಿಂದ ಒಮ್ಮೆಗೆ 20 ಮಿಲಿಸೆಕೆಂಡ್‌ನಷ್ಟೇ ಸರಿಸಿ. ಸದ್ದು ತುಟಿಗಿಂತ ಮುಂದೆ ಹೋದರೆ ಇನ್ನೂ ಬೇಗ ಕಣ್ಣಿಗೆ ಹೊಡೆಯುತ್ತದೆ.

ಗೋಣಿಕೊಪ್ಪ_ಸೌಂಡ್: ಹೌದು. ಶೀಟಿನ ಮೇಲೆ ಮಳೆ ಹೊಯ್ಯುವಾಗ ವಾಲ್ಯೂಮ್ ಏರಿಸಬೇಡಿ, ಹಾಡು ಬಂದಾಗ ಕಿವಿಗೆ ಬಡಿಯುತ್ತದೆ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ನೈಟ್ ಮೋಡ್ ಹಾಕಿದರೆ ಮಾತು, ಹಾಡಿನ ಅಂತರ ತಗ್ಗುತ್ತದೆ.

ಸೋಮವಾರಪೇಟೆ_ರಾಗ: ಮೊದಲ ಕಂತಿನ ಹಾಡುಗಳು ಹೆಚ್ಚಾಗಿ ಆಡಿಷನ್, ತಾಲೀಮು, ವೇದಿಕೆಯಲ್ಲೇ ಬರುತ್ತವೆ. ಹಾಗಾಗಿ ಹಾಡು ಕಥೆಯನ್ನು ನಿಲ್ಲಿಸುವುದಿಲ್ಲ. ಮುಂದೆ ನೋಡಿ, ಖಂಡಿತ ಬಿಡಬೇಡಿ.