ಪೋರ್ಟ್ರೇಟ್ ಫೋಟೋಗೆ ಹಾರರ್ ಲುಕ್: ನೀವು ಹೇಗೆ ಮಾಡಿದ್ದೀರಿ?

ಪ್ರಶ್ನೆ: ನನ್ನದೇ ಒಂದು ಪೋರ್ಟ್ರೇಟ್ ಫೋಟೋವನ್ನು ನೋಡಿದವರಿಗೆ ಭಯ ಆಗುವ ಹಾಗೆ ಎಡಿಟ್ ಮಾಡಬೇಕು. ಫೋಟೋಶಾಪ್‌ನಲ್ಲಿ ರಕ್ತ, ಬಿರುಕು, ಕೆಂಪು ಕಣ್ಣು ಎಲ್ಲ ಹಾಕಿ ನೋಡಿದೆ. ಮುಖಕ್ಕೆ ಬಣ್ಣ ಬಳಿದ ಹಾಗೆ ಕಾಣುತ್ತಿದೆ, ಭಯ ಆಗುತ್ತಿಲ್ಲ. ಮಾಡಿ ಗೊತ್ತಿರುವವರು ಹೇಳಿ.

ಉತ್ತರ 1: ರಕ್ತ ತೆಗೆದುಬಿಡಿ, ಮೊದಲು ಕಣ್ಣಿಗೆ ಬನ್ನಿ. ಫೋಟೋ ಝೂಮ್ ಮಾಡಿದರೆ ಕಣ್ಣುಗುಡ್ಡೆಯ ಮೇಲೆ ಕಿಟಕಿಯದೋ ಫ್ಲ್ಯಾಶಿನದೋ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಕ್ಯಾಚ್‌ಲೈಟ್ ಅಂತಾರಲ್ಲ, ಅದೇ. ಫೋಟೋದಲ್ಲಿ ಕಣ್ಣಿಗೆ ಜೀವ ಬರುವುದೇ ಅದರಿಂದ. ಹೊಸ ಲೇಯರ್ (ಫೋಟೋ ಮೇಲೆ ಕೂರುವ ಬೇರೆ ಪದರ) ಹಾಕಿ, ಕ್ಲೋನ್ ಸ್ಟ್ಯಾಂಪ್‌ನಲ್ಲಿ ಪಕ್ಕದ ಕಪ್ಪನ್ನೇ ತಂದು ಅದನ್ನು ಮುಚ್ಚಿ. ನಾನು ಮೊದಲ ಸಲ ಮಾಡಿದಾಗ ಎಡಗಣ್ಣಿನ ಚುಕ್ಕೆ ಹೋದ ತಕ್ಷಣ ಕೈ ನಿಂತುಬಿಟ್ಟಿತು. ಒಂದು ಕಣ್ಣು ನನ್ನನ್ನು ನೋಡುತ್ತಿತ್ತು, ಇನ್ನೊಂದು ನೋಡುತ್ತಿರಲಿಲ್ಲ. ಬಲಗಣ್ಣನ್ನು ಮುಟ್ಟದೆ ಹಾಗೇ ಬಿಟ್ಟೆ.

ಕಣ್ಣಿನ ಬಿಳಿಗೆ ಕೆಂಪು ಬೇಡ. ಬೆಳಕು ಹೆಚ್ಚುಕಮ್ಮಿ ಮಾಡುವ ಕರ್ವ್ಸ್ ಲೇಯರ್ ಹಾಕಿ, ಅಲ್ಲಿಗೆ ಮಾತ್ರ ತಾಗುವ ಹಾಗೆ ಮಾಸ್ಕ್ ಮಾಡಿ, ಸ್ವಲ್ಪ ಬೂದಿ ಬಣ್ಣಕ್ಕೆ ಇಳಿಸಿದರೆ ಸಾಕು. ಇಷ್ಟು ಚಿಕ್ಕ ಬದಲಾವಣೆ ಯಾಕೆ ಸಾಕು ಅನ್ನುವುದನ್ನು ರೋಬೋಟ್‌ಗಳ ಮೇಲೆ ಕೆಲಸ ಮಾಡಿದ ಜಪಾನಿನ ಮಸಾಹಿರೋ ಮೋರಿ 1970ರಲ್ಲೇ ಗುರುತಿಸಿದ್ದರು. ಪೂರ್ತಿ ಯಂತ್ರದ ಹಾಗಿದ್ದರೆ ನಮಗೆ ಏನೂ ಅನಿಸುವುದಿಲ್ಲ. ಬಹುಪಾಲು ಮನುಷ್ಯನ ಹಾಗೇ ಇದ್ದು ಎಲ್ಲೋ ಒಂಚೂರು ತಪ್ಪಿದರೆ ಮೈ ಜುಮ್ಮೆನ್ನುತ್ತದೆ. ನಿಮ್ಮ ಫೋಟೋದಲ್ಲಿ ತಪ್ಪು ಜಾಸ್ತಿ ಆಗಿದೆ, ಅಷ್ಟೇ.

ಉತ್ತರ 2: ಬೆಳಕನ್ನು ಮರೆಯಬೇಡಿ. ಮುಖಕ್ಕೆ ಮೇಲಿಂದ ಬೆಳಕು ಬೀಳುವುದನ್ನು ನೋಡಿ ನಮಗೆ ಅಭ್ಯಾಸ. ಕೆಳಗಿಂದ ಬಂದರೆ ಗೊತ್ತಿರುವ ಮುಖವೂ ಬೇರೆ ಯಾರದ್ದೋ ಅನಿಸುತ್ತದೆ. ಎಡಿಟಿಂಗ್‌ನಲ್ಲಿ ಇದನ್ನು ಪೂರ್ತಿ ತರುವುದು ಕಷ್ಟ. ಸಾಧ್ಯವಾದರೆ ಗದ್ದದ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಫೋಟೋ ತೆಗೆಯಿರಿ. ಆಗಲ್ಲ ಅಂದರೆ, ಕೆಳಗಿನ ಬೆಳಕಿನ ಬದಲು ಮುಖ ಬಡಕಲಾಗಿ ಕಾಣುವ ಹಾಗೆ ನೆರಳು ಹಾಕಿ. 50% ಬೂದು ಬಣ್ಣದ ಲೇಯರ್ ಹಾಕಿ ಸಾಫ್ಟ್ ಲೈಟ್ ಮೋಡ್‌ಗೆ ಬದಲಿಸಿ, ಆಗ ಬೂದು ಕಾಣುವುದಿಲ್ಲ, ಬಳಿದ ಕಪ್ಪು ಮಾತ್ರ ನೆರಳಾಗಿ ಕಾಣುತ್ತದೆ. ಮೆತ್ತನೆ ಕಪ್ಪು ಬ್ರಷ್, ಫ್ಲೋ (ಬಣ್ಣ ಸುರಿಯುವ ಪ್ರಮಾಣ) 5%. ಕಣ್ಣಿನ ಗುಳಿ, ಕೆನ್ನೆಮೂಳೆಯ ಕೆಳಗೆ, ಕಣತಲೆ, ಇಷ್ಟರಲ್ಲೇ ನಿಧಾನಕ್ಕೆ ಎಳೆಯುತ್ತಾ ಹೋಗಿ. ನಾನು ಒಮ್ಮೆ ಕಪ್ಪಾಗಿಸುವ ಬರ್ನ್ ಟೂಲನ್ನು ನೇರವಾಗಿ ಮೂಲ ಫೋಟೋ ಮೇಲೇ ಉಜ್ಜಿ ಸೇವ್ ಮಾಡಿಬಿಟ್ಟೆ. ಆ ಫೋಟೋ ಮತ್ತೆ ಸಿಗಲಿಲ್ಲ. ಮೊದಲು ಕಾಪಿ ಇಟ್ಟುಕೊಳ್ಳಿ.

ಉತ್ತರ 3: ಬಿರುಕು ಬೇಕೇ ಬೇಕು ಅಂದರೆ ಬಿರುಕು ಬಿಟ್ಟ ಒಣಮಣ್ಣಿನ ಫೋಟೋವನ್ನು ಮುಖದ ಮೇಲೆ ಮಲ್ಟಿಪ್ಲೈ ಮೋಡ್‌ನಲ್ಲಿ (ಕಪ್ಪು ಭಾಗ ಉಳಿದು ಬಿಳಿ ಮಾಯವಾಗುವ ಮೋಡ್) ಹಾಕಿ. ಚಪ್ಪಟೆಯಾಗಿ ಬಿಟ್ಟರೆ ಸ್ಟಿಕ್ಕರ್ ಅಂಟಿಸಿದ ಹಾಗಿರುತ್ತದೆ. ವಾರ್ಪ್ ಬಳಸಿ ಕೆನ್ನೆಯ ಉಬ್ಬಿಗೆ ತಕ್ಕ ಹಾಗೆ ಬಗ್ಗಿಸಿ. ಕಣ್ಣು, ತುಟಿಯ ಮೇಲೆ ಬಂದದ್ದನ್ನು ಮಾಸ್ಕ್‌ನಲ್ಲಿ ಅಳಿಸಿ. ಕೊನೆಗೆ ಎಲ್ಲದರ ಮೇಲೂ ಒಂದೇ ಸಮ 3% ನಾಯ್ಸ್ (ಸಣ್ಣ ಚುಕ್ಕೆಗಳ ಒರಟುತನ) ಹಾಕಿದರೆ ಚರ್ಮ, ಮಣ್ಣು ಎರಡೂ ಒಂದೇ ಕ್ಯಾಮೆರಾದಲ್ಲಿ ತೆಗೆದ ಹಾಗೆ ಬೆರೆಯುತ್ತವೆ. ಗಿಂಪ್ ಎಂಬ ಫೋಟೋ ಎಡಿಟರ್‌ನಲ್ಲೂ ಇದೆಲ್ಲ ಆಗುತ್ತದೆ, ಅದು ಉಚಿತ.

ಉತ್ತರ 4: ಏನೂ ಬಣ್ಣ ಹಾಕದೆ ಹೆದರಿಸಬೇಕಾ? ಕಣ್ಣುಗಳನ್ನೂ ಬಾಯಿಯನ್ನೂ ಮಾತ್ರ ಸೆಲೆಕ್ಟ್ ಮಾಡಿ, ಒಂದೊಂದನ್ನೇ ಇದ್ದಲ್ಲೇ ತಲೆಕೆಳಗು ಮಾಡಿ, ಅಂಚನ್ನು ಫೆದರ್ ಮಾಡಿ, ಅಂದರೆ ಸುತ್ತಲಿನ ಚರ್ಮಕ್ಕೆ ಬೆರೆಯುವ ಹಾಗೆ ಮೃದು ಮಾಡಿ. 1980ರಲ್ಲಿ ಪೀಟರ್ ಥಾಂಪ್ಸನ್ ಎಂಬ ಮನಶ್ಶಾಸ್ತ್ರಜ್ಞರು ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಫೋಟೋದಲ್ಲಿ ಹೀಗೆ ಮಾಡಿ ತೋರಿಸಿದ್ದರು. ಇಡೀ ಫೋಟೋ ಉಲ್ಟಾ ಇದ್ದಾಗ ಹೆಚ್ಚುಕಮ್ಮಿ ಸಾಮಾನ್ಯ ಮುಖದ ಹಾಗೇ ಕಾಣುತ್ತದೆ. ನೆಟ್ಟಗೆ ತಿರುಗಿಸಿದರೆ ಎದೆ ಧಸಕ್ ಅನ್ನುತ್ತದೆ. ಗಂಭೀರ ಮುಖದಲ್ಲಿ ಇದರ ಪರಿಣಾಮ ಕಡಿಮೆ. ಹಲ್ಲು ಕಾಣುವ ಹಾಗೆ ನಗುತ್ತಿರುವ ಫೋಟೋ ಆರಿಸಿಕೊಳ್ಳಿ.