ಏರು ಹತ್ತುವಾಗ ಎಂಜಿನ್‌ನಿಂದ ಬರುವ ಟಕಟಕ ಸದ್ದಿಗೆ ಕಾರಣವೇನು?

ಪ್ರಶ್ನೆ

ನನ್ನದು ಹಲವು ವರ್ಷ ಓಡಿರುವ ಪೆಟ್ರೋಲ್ ಕಾರು. ಸಮತಟ್ಟಾದ ರಸ್ತೆಯಲ್ಲಿ ಯಾವ ತೊಂದರೆಯೂ ಇಲ್ಲ. ಆದರೆ ನಾಲ್ಕನೇ ಗೇರಿನಲ್ಲಿಯೇ ಏರು ಹತ್ತಲೆಂದು ಆಕ್ಸಿಲರೇಟರ್ ಒತ್ತಿದ ಕೂಡಲೇ, ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂತಹ ಸದ್ದು ಬಾನೆಟ್ ಒಳಗಿನಿಂದ ಕೇಳಿಸುತ್ತದೆ. ಕಾಲು ಸಡಿಲಿಸಿದರೆ ನಿಂತುಹೋಗುತ್ತದೆ. ಒಬ್ಬ ಮೆಕ್ಯಾನಿಕ್ ಪೆಟ್ರೋಲ್ ಸರಿಯಿಲ್ಲ ಎಂದರೆ, ಇನ್ನೊಬ್ಬರು ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಲೇಬೇಕು ಎನ್ನುತ್ತಾರೆ. ಯಾರ ಮಾತನ್ನು ನಂಬುವುದು?

ಉತ್ತರ 1

ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಎಂಜಿನ್ ಇಳಿಸುವ ಮಾತು ಈಗಲೇ ಬೇಡ. ಭಾರ ಬಿದ್ದಾಗ ಮಾತ್ರ ಬಂದು, ಕಾಲು ತೆಗೆದೊಡನೆ ನಿಲ್ಲುವ ತೆಳುವಾದ ಲೋಹದ ಸದ್ದು ಸಾಮಾನ್ಯವಾಗಿ ದಹನಕ್ಕೆ ಸಂಬಂಧಿಸಿದ್ದು. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನಲ್ಲಿ ಹರಡುತ್ತಿರುವಾಗ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಪೆಟ್ರೋಲ್-ಗಾಳಿಯ ಮಿಶ್ರಣವು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ, ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಆ ಒತ್ತಡದ ಅಲೆಗಳಿಂದ ಎಂಜಿನ್ ಬ್ಲಾಕ್ ಕಂಪಿಸುವುದೇ ನಿಮಗೆ ಕೇಳಿಸುತ್ತಿರುವ ಸದ್ದು.

ಮೊದಲು ಆಕ್ಟೇನ್ ನೋಡಿ, ಅಂದರೆ ಹೀಗೆ ತಾನಾಗಿ ಸಿಡಿಯುವುದನ್ನು ಪೆಟ್ರೋಲ್ ಎಷ್ಟು ತಡೆಯುತ್ತದೆ ಎಂಬ ಅಳತೆ. ಸುಲಭವಾಗಿ ಸಿಡಿಯದ ಐಸೊ-ಆಕ್ಟೇನ್ ಎಂಬ ಇಂಧನಕ್ಕೆ 100, ಬೇಗ ಸಿಡಿಯುವ ಹೆಪ್ಟೇನಿಗೆ 0 ಎಂದಿಟ್ಟುಕೊಂಡು ಈ ಅಳತೆಯನ್ನು ರೂಪಿಸಲಾಗಿದೆ. 91 ಎಂದರೆ 91 ಪಾಲು ಐಸೊ-ಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಬೆರೆತ ಮಿಶ್ರಣದಷ್ಟೇ ತಡೆಯುವ ಶಕ್ತಿ ಎಂದರ್ಥ. ಕಾರಿನ ಕೈಪಿಡಿ ಕೇಳುವುದಕ್ಕಿಂತ ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದ್ದರೆ ಕಾರಣ ಅಲ್ಲಿಯೇ ಸಿಗಬಹುದು. ಪೆಟ್ರೋಲ್ ಸರಿಯಿದ್ದರೆ, ಹಳೆಯ ಎಂಜಿನ್‌ನಲ್ಲಿ ನನ್ನ ಅನುಮಾನ ಕಾರ್ಬನ್ ಮೇಲೆ. ಪಿಸ್ಟನ್ ತಲೆಯ ಮೇಲೆ ಕಟ್ಟಿದ ಮಸಿ ದಹನದ ಜಾಗವನ್ನು ಕಿರಿದಾಗಿಸಿ ಸಂಪೀಡನವನ್ನು ಏರಿಸುತ್ತದೆ, ಜೊತೆಗೆ ಶಾಖವನ್ನೂ ಹಿಡಿದಿಡುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದಿಂದ ಬೋರ್‌ಸ್ಕೋಪ್ (ತೆಳುವಾದ ಕೊಳವೆಯ ಕ್ಯಾಮೆರಾ) ಇಳಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಕೂಲೆಂಟ್ ಕಡಿಮೆಯಿರುವುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದಿರುವುದು, ತಪ್ಪು ಹೀಟ್ ರೇಂಜಿನ (ಶಾಖವನ್ನು ಹೊರಸಾಗಿಸುವ ಸಾಮರ್ಥ್ಯ ಎಂಜಿನ್‌ಗೆ ಹೊಂದದ) ಪ್ಲಗ್ ಹಾಕಿರುವುದು ಸಹ ಇದೇ ಫಲ ಕೊಡುತ್ತವೆ.

ಉತ್ತರ 2

ಮೇಲಿನ ಮಾತಿಗೆ ಒಂದು ಸೇರ್ಪಡೆ. ಈಗಿನ ಬಹುತೇಕ ಕಾರುಗಳಲ್ಲಿ ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಈ ಕಂಪನವನ್ನು ಗ್ರಹಿಸುತ್ತದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸ್ಪಾರ್ಕನ್ನು ತುಸು ತಡವಾಗಿಸುತ್ತದೆ. ಆದ್ದರಿಂದ ಸದ್ದು ಕಿವಿಗೆ ಬೀಳುವಷ್ಟು ಮುಂದುವರಿದಿದೆ ಎಂದರೆ, ಒಂದೋ ಸಮಸ್ಯೆ ಆ ತಿದ್ದುಪಡಿಯ ಮಿತಿಯನ್ನು ಮೀರಿದೆ, ಇಲ್ಲವೇ ಸೆನ್ಸರ್ ಸರಿಯಾಗಿ ಕೇಳಿಸಿಕೊಳ್ಳುತ್ತಿಲ್ಲ. ಸೆನ್ಸರಿನ ಬೋಲ್ಟ್ ಸಡಿಲವಾಗಿದ್ದರೂ ಸಾಕು, ಅದು ತಪ್ಪು ವರದಿ ಕೊಡುತ್ತದೆ; ಕೈಪಿಡಿ ಹೇಳಿದ ಟಾರ್ಕಿಗೆ (ಬಿಗಿಯುವ ಬಲಕ್ಕೆ) ಅದನ್ನು ಬಿಗಿದಿರಬೇಕು.

ಸ್ಕ್ಯಾನರ್ ಹಾಕಿಸಿದಾಗ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚಿಸುತ್ತಿದೆ ಅಥವಾ ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಕೂಡ ಓದಿಸಿ. ಭಾರದಲ್ಲಿ ಅದು ಧನಾತ್ಮಕವಾಗಿ ಬಹಳ ಏರಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತಿದೆ ಎಂದು ತಿಳಿಯಬಹುದು: ಫಿಲ್ಟರ್ ಕಟ್ಟಿರಬಹುದು, ಪಂಪು ಸೋತಿರಬಹುದು, ಇಂಜೆಕ್ಟರ್ ಕೊಳೆಯಾಗಿರಬಹುದು. ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಸಿಲಿಂಡರಿಗೆ ಕಳಿಸುವ ವ್ಯವಸ್ಥೆ) ಇರುವ ಎಂಜಿನ್‌ನಲ್ಲಿ ಅದರ ದಾರಿ ಮಸಿಯಿಂದ ಮುಚ್ಚಿಹೋದರೆ ದಹನದ ಉಷ್ಣತೆ ಏರಿ, ಮಧ್ಯಮ ಭಾರದಲ್ಲಿಯೂ ಸದ್ದು ಬರುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಬೇರಿಂಗ್ ಅಲ್ಲ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಪರೀಕ್ಷೆ ಮಾಡಿಸುವವರೆಗೆ ಕಾರನ್ನು ಓಡಿಸಬಹುದೇ?

ಉತ್ತರ 3

ಕನೆಕ್ಟಿಂಗ್ ರಾಡಿನ (ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ದಂಡದ) ಬೇರಿಂಗ್ ಸವೆದಾಗ ಬರುವುದು ಆಳವಾದ, ಸುತ್ತಿಗೆಯ ಏಟಿನಂತಹ ಸದ್ದು. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದ ಮೇಲೆ ಅದು ಹೆಚ್ಚಾಗುತ್ತದೆ, ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೂ ಕೇಳಿಸುತ್ತದೆ. ಮೆಕ್ಯಾನಿಕ್ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಕಳಚಿ ನೋಡಲಿ. ಯಾವ ಸಿಲಿಂಡರಿನ ಕನೆಕ್ಟರ್ ಕಳಚಿದಾಗ ಸದ್ದು ಮೆತ್ತಗಾಗುತ್ತದೆಯೋ ಅಲ್ಲಿಯೇ ದೋಷವಿರುವ ಸಂಭವ ಹೆಚ್ಚು. ಆಯಿಲ್ ಪ್ರೆಷರನ್ನು ಗೇಜ್ ಹಾಕಿಯೇ ಅಳೆಸಿ, ಡ್ಯಾಶ್‌ಬೋರ್ಡಿನ ದೀಪ ಬಹಳ ತಡವಾಗಿ ಎಚ್ಚರಿಸುತ್ತದೆ. ಬೇರಿಂಗ್ ಸದ್ದು ಎಂದು ಅನುಮಾನ ಬಂದರೆ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗಿ.

ನಿಮ್ಮದು ದಹನದ ಸದ್ದೇ ಆದರೆ, ಏರು ಬಂದಾಗ ಮೂರನೇ ಗೇರಿಗೆ ಇಳಿಸಿ, ಆಕ್ಸಿಲರೇಟರನ್ನು ಪೂರ್ತಿ ತುಳಿಯದೆ ಮೆಕ್ಯಾನಿಕ್ ಬಳಿಗೆ ಹೋಗಬಹುದು. ಬಹಳ ದಿನ ಹಾಗೆಯೇ ಬಿಟ್ಟರೆ ಪಿಸ್ಟನ್ ರಿಂಗುಗಳ ನಡುವಿನ ಅಂಚುಗಳು ಒಡೆಯುತ್ತವೆ. ಆಗ ಎಂಜಿನ್ ನಿಜವಾಗಿಯೂ ಇಳಿಸಬೇಕಾಗುತ್ತದೆ.