ಸಹಾಯ ಬೇಕು: ಎಚ್‌ಒ ಮಾದರಿ ರೈಲಿಗೆ ಕೈಯಿಂದ ಬದಲಿಸುವ, ಕಡಿಮೆ ಬೆಲೆಯ ಪಾಯಿಂಟ್‌ಗಳು

ಎಲ್ಲರಿಗೂ ನಮಸ್ಕಾರ. ಎಂಟು ಅಡಿ ಉದ್ದ, ಎರಡು ಅಡಿ ಅಗಲದ ಹಲಗೆಯ ಮೇಲೆ ಎಚ್‌ಒ, ಅಂದರೆ 1:87 ಅಳತೆಯ ಸಣ್ಣ ಮಾದರಿ ರೈಲು ನಿಲ್ದಾಣವೊಂದನ್ನು ಕಟ್ಟುತ್ತಿದ್ದೇನೆ. ಒಂದು ಲೂಪ್ (ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಹಳಿ) ಹಾಗೂ ಗೂಡ್ಸ್ ಶೆಡ್ಡಿನ ಎರಡು ಸೈಡಿಂಗ್‌ಗಳಿಗಾಗಿ (ಪಕ್ಕದ ಹಳಿಗಳಿಗಾಗಿ) ನಾಲ್ಕು ಪಾಯಿಂಟ್‌ಗಳು, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲುಗಳು, ಬೇಕಾಗಿವೆ. ಎಲ್ಲವೂ ಕೈಗೆಟಕುವಷ್ಟು ಹತ್ತಿರವಿರುವುದರಿಂದ ಮೋಟರ್ ಅನಗತ್ಯ. ಅಲ್ಲದೆ, ಕೈಯಿಂದಲೇ ದಾರಿ ಬದಲಿಸಿ ಗಾಡಿಯನ್ನು ಲೂಪಿಗೆ ಒಯ್ಯುವುದು ಲಿವರ್ ಎಳೆಯುತ್ತಿದ್ದ ಪಾಯಿಂಟ್ಸ್‌ಮನ್ನರ ಕೆಲಸಕ್ಕೆ ಹತ್ತಿರವಾದುದೆಂದು ನನಗೆ ಅದು ಬಹಳ ಪ್ರಿಯ.

ಪೆಕೋ ಕಂಪನಿಯ ಪಾಯಿಂಟ್‌ಗಳಲ್ಲಿ ಒಳಗೇ ಒಂದು ಸ್ಪ್ರಿಂಗ್ ಇದ್ದು, ಬೆರಳಿನಿಂದ ತಳ್ಳಿದರೆ ಚಲಿಸುವ ಹಳಿ ಆ ಬದಿಗೇ ಬಿಗಿಯಾಗಿ ನಿಲ್ಲುತ್ತದೆ. ಅಟ್ಲಾಸ್ ಕಂಪನಿಯ ಕಸ್ಟಮ್ ಲೈನ್ ಪಾಯಿಂಟ್‌ಗಳಲ್ಲಿ ಆ ಸ್ಪ್ರಿಂಗ್ ಇಲ್ಲದಿರುವುದರಿಂದ, ಹಳಿಯನ್ನು ಹಿಡಿದು ನಿಲ್ಲಿಸಲು ಪಕ್ಕದಲ್ಲಿ ಕೈ ಲಿವರ್ ಒಂದನ್ನು ಬೇರೆಯಾಗಿ ಕೊಳ್ಳಬೇಕು. ಆ ಲಿವರ್‌ನ ಬೆಲೆಯನ್ನೂ ಸೇರಿಸಿದರೆ ಅಟ್ಲಾಸ್ ನಿಜಕ್ಕೂ ಅಗ್ಗವಾಗುತ್ತದೆಯೇ? ಎರಡನ್ನೂ ಬಳಸಿದವರು ದಯವಿಟ್ಟು ತಿಳಿಸಿ.

ನನ್ನ ದೊಡ್ಡ ಚಿಂತೆ ಫ್ರಾಗ್‌ನದು, ಅಂದರೆ ಪಾಯಿಂಟ್‌ನಲ್ಲಿ ಎರಡು ಒಳಹಳಿಗಳು ಕೂಡುವ ಭಾಗದ್ದು. ನನ್ನಲ್ಲಿರುವುದು ನಾಲ್ಕೇ ಚಕ್ರದ ಪುಟ್ಟ ಶಂಟಿಂಗ್ ಎಂಜಿನ್ ಆದ್ದರಿಂದ, ಪ್ಲಾಸ್ಟಿಕ್ ಫ್ರಾಗ್ ಮೇಲೆ ನಿಧಾನವಾಗಿ ಹೋಗುವಾಗ ವಿದ್ಯುತ್ ತಪ್ಪಿ ನಿಂತುಬಿಡುತ್ತದೆ. ಸ್ನೇಹಿತರೊಬ್ಬರ ಹಲಗೆಯ ಮೇಲೆ ಪ್ರತಿ ಬಾರಿಯೂ ಹೀಗೆಯೇ ಆಯಿತು. ಫ್ರಾಗ್ ಲೋಹದ್ದಾಗಿದ್ದು ಅದರಲ್ಲೂ ವಿದ್ಯುತ್ ಹರಿಯುವ ಪೆಕೋದ ಎಲೆಕ್ಟ್ರೋಫ್ರಾಗ್ ಪಾಯಿಂಟ್ ತಂದರೆ ಈ ತೊಂದರೆ ತಪ್ಪಬಹುದು. ಆದರೆ ಫ್ರಾಗ್‌ನಿಂದ ಮುಂದೆ ಹೊರಡುವ ಎರಡು ಒಳಹಳಿಗಳಿಗೆ ವಿದ್ಯುತ್ ತಡೆಯುವ ಪ್ಲಾಸ್ಟಿಕ್ ಜೋಡಣೆ ಹಾಕದಿದ್ದರೆ ಶಾರ್ಟ್ ಆಗುವ ಅಪಾಯವಿದೆ. ಫ್ರಾಗ್‌ಗೆ ವಿದ್ಯುತ್ ಕೊಡಲು ಚಲಿಸುವ ಹಳಿಯ ಸ್ಪರ್ಶವೊಂದನ್ನೇ ನಂಬಬಹುದೇ, ಅಥವಾ ಕೈ ಲಿವರ್ ಜೊತೆಗೆ ಸಣ್ಣ ಸ್ಲೈಡ್ ಸ್ವಿಚ್ ಜೋಡಿಸಬೇಕೇ?

ಬಳಸಿದ ಪಾಯಿಂಟ್‌ಗಳನ್ನು ಕೊಳ್ಳುವುದಾದರೆ ಮೊದಲು ಏನನ್ನು ಪರೀಕ್ಷಿಸಬೇಕೆಂಬುದನ್ನೂ, ನನ್ನ ಕೋಡ್ 100 (0.100 ಇಂಚು ಎತ್ತರದ) ಹಳಿಗೆ ನೇರವಾಗಿ ಹೊಂದುವ ಮಾದರಿಗಳು ಯಾವುವೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.